ಹಿಡಿದದ್ದನ್ನು ಬಿಡೋದು ಕಲಿಸಿ

ಮಾನ್ಯ ಸಂಪಾದಕರೇ,

ಲಕ್ವ ಹೊಡೆದವರು ರಬ್ಬರ್ ಚೆಂಡು ಹಿಸುಕುತ್ತಿದ್ದರೆ ಕೈಗೆ ಬಲ ಬರುತ್ತದೆ ಅಂತ ನಿಮ್ಮ ಆರೋಗ್ಯ ಪುಟದಲ್ಲಿ ಬಂದಿತ್ತು. ನನ್ನನ್ನು ನೋಡಲು ಬಂದವರೂ ಇದನ್ನೇ ಹೇಳಿದ್ದರು. ಕೆಲವರಂತೂ ಚೆಂಡನ್ನೇ ತಂದುಕೊಟ್ಟರು, ಪಾಪ. ಆದರೆ ಈ ಸಲಹೆ ಎಲ್ಲರ ಕೈಗೂ ಆಗಿ ಬರುವುದಿಲ್ಲ.

ನಾನು ಟೈಲರ್. ಕತ್ತರಿ ಹಿಡಿಯುತ್ತಿದ್ದ ಬಲಗಡೆಗೇ ಲಕ್ವ ಹೊಡೆಯಿತು. ಈಗ ಬಾಗಿಲ ಹಿಡಿಕೆ ಹಿಡಿದರೆ ಬೆರಳು ಬಿಡುವುದೇ ಇಲ್ಲ. ಬಾಗಿಲು ಆಚೆ ಹೋದರೆ ನಾನೂ ಅದರ ಜೊತೆ ಹೋಗಬೇಕು. ಆಮೇಲೆ ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಿಕೊಳ್ಳುತ್ತೇನೆ. ತೆಳು ಪ್ಲಾಸ್ಟಿಕ್ ಬಾಟಲಿ ಎತ್ತಿದರೆ ನಜ್ಜುಗುಜ್ಜಾಗಿ ನೀರೆಲ್ಲ ಅಂಗಿ ಮೇಲೆ. ಎಷ್ಟು ಬಿಗಿಯಾಗಿ ಹಿಡಿದಿದ್ದೇನೆ ಅಂತ ಬೆರಳಿಗೆ ಗೊತ್ತಾಗುವುದಿಲ್ಲ, ಕಣ್ಣಲ್ಲಿ ನೋಡಿಯೇ ತಿಳಿಯಬೇಕು.

ಮಿದುಳಿನಿಂದ ಕೈಗೆ ಬರುವ ನರಗಳ ದಾರಿಗೆ ಪೆಟ್ಟು ಬಿದ್ದಾಗ ಬಹಳ ಜನರಲ್ಲಿ ಬೆರಳು ಚಾಚುವ ಸ್ನಾಯುಗಳು ಸೋಲುತ್ತವೆ, ಮಡಿಸುವ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಚೆಂಡು ಹಿಸುಕುವುದೆಂದರೆ ಬಿಗಿದು ಕೂತ ಸ್ನಾಯುವಿಗೇ ಇನ್ನಷ್ಟು ಕೆಲಸ ಕೊಟ್ಟಂತೆ, ಅಲ್ವಾ? ಬೆರಳು ಜೋತುಬಿದ್ದು ಹಿಡಿತವೇ ಸಾಲದವರಿಗೆ ಅದು ಬೇಕಾಗಬಹುದು. ನನಗೆ ಬೇಕಿದ್ದದ್ದು ಬಿಡುವ ಅಭ್ಯಾಸ.

ಹಿಡಿತ ಅಳೆಯುವ ಡೈನಮೋಮೀಟರ್ ಅಂತ ಒಂದಿದೆ. ಒತ್ತಿದರೆ ಎಷ್ಟು ಕಿಲೋ ಅಂತ ತೋರಿಸುತ್ತದೆ. ಒಂದು ಕಡೆ ಅದರ ಮುಳ್ಳು ಮೇಲೇರಿದ್ದು ನೋಡಿ 'ಚೆನ್ನಾಗಿ ಸುಧಾರಿಸಿದ್ದಾರೆ' ಅಂತ ಬರೆದು ಕಳಿಸಿದರು. ಆ ಮೀಟರನ್ನು ಕೆಳಗಿಡಲು ನಾನು ಎಷ್ಟು ಹೊತ್ತು ಒದ್ದಾಡಿದೆ ಅಂತ ಯಾರೂ ಬರೆದುಕೊಳ್ಳಲಿಲ್ಲ! ಮರದ ತುಂಡುಗಳನ್ನು ಒಂದೊಂದಾಗಿ ಪೆಟ್ಟಿಗೆಯ ಈ ಭಾಗದಿಂದ ಆ ಭಾಗಕ್ಕೆ ಹಾಕುವ ಒಂದು ನಿಮಿಷದ ಪರೀಕ್ಷೆಯೂ ಇದೆ. ಅದರಲ್ಲಾದರೆ ಬಿಡುವುದೂ ಲೆಕ್ಕಕ್ಕೆ ಬರುತ್ತದೆ.

ಈಗಿನ ಥೆರಪಿಸ್ಟ್ ಮಾಡಿಸುವುದೂ ಇಂಥದ್ದೇ. ಮಣಿಕಟ್ಟನ್ನು ಮೆಲ್ಲಗೆ ಕೆಳಕ್ಕೆ ಬಾಗಿಸಿದರೆ ಬೆರಳು ತಾನಾಗಿ ಸ್ವಲ್ಪ ಸಡಿಲವಾಗುತ್ತದೆ. ಆಗ ತುಂಡನ್ನು ಬಿಡಬೇಕು, ಮತ್ತೆ ಹಿಡಿಯಬೇಕು. ಬೇಜಾರಿನ ಕೆಲಸ, ನಿಜ. ಆದರೆ ಹೆಬ್ಬೆರಳು ಈಗ ತಾನಾಗಿ ಬಿಡುತ್ತಿದೆ.

ಒಳ್ಳೆ ಕೈಗೆ ಗವಸು ಹಾಕಿ ಸೋತ ಕೈಯಿಂದಲೇ ಕೆಲಸ ಮಾಡಿಸಿ ಅಂತಲೂ ಲೇಖನದಲ್ಲಿತ್ತು. ಅಮೆರಿಕದಲ್ಲಿ 222 ಜನರ ಮೇಲೆ ಹೀಗೆ ಎರಡು ವಾರದ ಪ್ರಯೋಗ ನಡೆದು, 2006ರಲ್ಲಿ ಒಳ್ಳೆ ಫಲಿತಾಂಶ ಪ್ರಕಟವಾಗಿದ್ದು ನಿಜ. ಆದರೆ ಮಣಿಕಟ್ಟು, ಬೆರಳುಗಳನ್ನು ಅಷ್ಟಿಷ್ಟಾದರೂ ಚಾಚಲು ಬರುವವರನ್ನೇ ಅದಕ್ಕೆ ಆರಿಸಿಕೊಂಡಿದ್ದರು. ಮುಷ್ಟಿ ತೆರೆಯಲೇ ಬಾರದವರಿಗೆ ಮನೆಯಲ್ಲಿ ಗವಸು ಹಾಕಿ ಕೂರಿಸಿದರೆ ಸುಮ್ನೆ ಹಿಂಸೆ.

ಬೆರಳು ತೆರೆಯುವ ಅಭ್ಯಾಸದ ಬಗ್ಗೆ ಇಂಥ ಕೈಗಳನ್ನು ದಿನಾ ನೋಡುವ ಥೆರಪಿಸ್ಟ್ ಒಬ್ಬರಿಂದ ಬರೆಸಿ. ಚಿತ್ರಗಳು ಜಾಸ್ತಿ ಇರಲಿ. ಒಂದೇ ಪುಟದಲ್ಲಿ ಮುಗಿಸಿದರೆ ಇನ್ನೂ ಒಳ್ಳೆಯದು, ಒಂದು ಕೈಯಲ್ಲಿ ಪತ್ರಿಕೆ ಮಗುಚುವುದು ನಮಗೆ ಕಷ್ಟ.

— ಒಬ್ಬ ಟೈಲರ್