ಐದನೇ ಗೇಮ್ ನೋಡಿ ಬಂದ್ಮೇಲೆ

ಲಂಡನ್
3 ನವೆಂಬರ್ 2024, ಭಾನುವಾರ

ಪ್ರೀತಿಯ ಅಪ್ಪ, ಅಮ್ಮ, ಪುಟ್ಟ,

ನಿನ್ನೆ ಪಾಡ್ಯದ ದಿನಾನೂ ಫೋನ್ ಮಾಡ್ಲಿಲ್ಲ ಅಂತ ಅಮ್ಮಂಗೆ ಬೇಜಾರಾಗಿದೆ ಅಂತ ಪುಟ್ಟ ಮೆಸೇಜ್ ಹಾಕಿದ್ದ, ತಪ್ಪಾಯ್ತಮ್ಮ. ನಿಮಗೆ ಸಂಜೆ ಏಳೂವರೆ ಆಗಿದ್ದಾಗ ಇಲ್ಲಿ ಮಧ್ಯಾಹ್ನ ಎರಡು ಗಂಟೆ, ನಾನಾಗ್ಲೇ ವಿಡಿಯೋ ಗೇಮ್ ಫೈನಲ್ ನೋಡಕ್ಕೆ ಓ2 ಅರೀನಾ ಹಾಲ್ ಒಳಗೆ ಕೂತಿದ್ದೆ, ಮುಗಿಸಿ ಆಚೆ ಬರೋ ಹೊತ್ತಿಗೆ ನಿಮಗೆ ನಡುರಾತ್ರಿ ದಾಟಿತ್ತು. ಇವತ್ತು ಫೋನ್ ಮಾಡ್ಬೋದಿತ್ತು, ಆದ್ರೆ ಫೋನಲ್ಲಿ ನಂಗೆ ಇದನ್ನ ಪೂರ್ತಿ ಹೇಳಕ್ಕಾಗಲ್ಲ, ಗಂಟಲು ಬೇರೆ ಕೂತೋಗಿದೆ, ಅದಕ್ಕೆ ಬರೀತಿದೀನಿ.

ಅಪ್ಪ, ಹೋದ ವಾರ ನೀವು ಒಂದು ಮಾತು ಕೇಳಿದ್ರಿ. ಯಾರೋ ಕಂಪ್ಯೂಟರ್ ಮುಂದೆ ಕೂತು ಆಡೋದನ್ನ ನೋಡಕ್ಕೆ ಟಿಕೆಟ್ ತಗೊಂಡು ಹೋಗ್ತಾರಾ, ಅದರಲ್ಲಿ ನೋಡೋದೇನಿದೆ ಅಂತ. ಆವತ್ತು ನನ್ನ ಹತ್ರ ಉತ್ತರ ಇರ್ಲಿಲ್ಲ. ಟಿಕೆಟ್ ಸಿಕ್ಕಿದ್ದೂ ಆಫೀಸಲ್ಲಿ ನನ್ನ ಪಕ್ಕ ಕೂರೋ ಚೀನಾ ಹುಡುಗಿಯಿಂದ, ಅವಳ ಫ್ರೆಂಡ್ ಬರಕ್ಕಾಗ್ಲಿಲ್ಲ ಅಂತ ನನ್ನ ಕರೆದ್ಲು, ನಾನು ಒಪ್ಪಿದ್ದು ಪುಟ್ಟನಿಗೋಸ್ಕರ, ಅವನು ಎಷ್ಟು ವರ್ಷದಿಂದ ಈ ಫೇಕರ್ ಫೇಕರ್ ಅಂತ ಜಪ ಮಾಡ್ತಾನಲ್ಲ, ಅವನ ಬದಲು ನಾನಾದ್ರೂ ನೋಡ್ಕೊಂಡು ಬರೋಣ ಅಂತ. ಈಗ ಉತ್ತರ ಇದೆ.

ಆಟ ಲೀಗ್ ಆಫ್ ಲೆಜೆಂಡ್ಸ್, ನಿನ್ನೆ ಆಗಿದ್ದು ಅದರ ವಿಶ್ವ ಚಾಂಪಿಯನ್‌ಶಿಪ್ ಫೈನಲ್. ಐದು ಜನ ಈ ಕಡೆ, ಐದು ಜನ ಆ ಕಡೆ. ಎದುರುಬದುರು ಮೂಲೇಲಿ ಎರಡು ಕೋಟೆ ಅಂದ್ಕೊಳ್ಳಿ, ಮಧ್ಯ ಮೂರು ದಾರಿ, ದಾರಿಗಳ ನಡುವೆ ಕಾಡು, ಎದುರಿನವರ ಕೋಟೆ ಒಳಗಿರೋ ನೆಕ್ಸಸ್ ಅನ್ನೋ ಮುಖ್ಯ ಕಟ್ಟಡ ಒಡೆದ್ರೆ ಗೆದ್ದಂಗೆ. ಚಾಂಪಿಯನ್ ಅಂತ ಕರೀತಾರೆ, 160ಕ್ಕಿಂತ ಹೆಚ್ಚು ಪಾತ್ರಗಳಿವೆ, ಒಂದೊಂದರ ಶಕ್ತಿ ಒಂದೊಂದು ತರ, ಆಟ ಶುರುವಾಗೋ ಮುಂಚೆ ಒಂದೊಂದು ಟೀಮೂ ಐದೈದು ಚಾಂಪಿಯನ್‌ಗಳನ್ನ ಬೇಡ ಅಂತ ಬ್ಯಾನ್ ಮಾಡ್ತಾರೆ, ಉಳಿದಿದ್ದರಲ್ಲಿ ಸರದಿ ಪ್ರಕಾರ ಆರಿಸ್ಕೋತಾರೆ. ಅರ್ಧ ಯುದ್ಧ ಅಲ್ಲೇ ಆಗಿರತ್ತೆ. ಒಂದು ಹೆಸರು ಸ್ಕ್ರೀನ್ ಮೇಲೆ ಬಂದ ತಕ್ಷಣ ಇಡೀ ಹಾಲ್ "ಓ" ಅಂತ ಎದ್ದು ನಿಲ್ಲತ್ತೆ, ಇನ್ನೂ ಒಬ್ಬರೂ ಒಂದು ಹೆಜ್ಜೆ ಇಟ್ಟಿರಲ್ಲ!

ಮುಖ್ಯವಾದ್ದು ಇನ್ನೊಂದಿದೆ ಅಪ್ಪ. ಆಡೋರಿಗೆ ಎದುರಾಳಿ ಎಲ್ಲಿದಾನೆ ಅಂತ ಕಾಣ್ಸಲ್ಲ. ತಮ್ಮೋರು ನಿಂತಿರೋ ಸುತ್ತಮುತ್ತ, ಇಲ್ಲಾಂದ್ರೆ ವಾರ್ಡ್ ಅಂತ ಕಾವಲು ದೀಪದ ತರ ಒಂದನ್ನ ನೆಟ್ಟಿರ್ತಾರಲ್ಲ ಅದರ ಹತ್ರ ಮಾತ್ರ ಬೆಳಕು, ಉಳಿದದ್ದೆಲ್ಲ ಮಬ್ಬು. ಚೆಸ್‌ನಲ್ಲಿ ಎದುರಿನವನ ಅರ್ಧ ಕಾಯಿ ಕಾಣದೇ ಇದ್ದು, ಇಬ್ಬರೂ ಸರದಿ ಕಾಯದೆ ಒಟ್ಟೊಟ್ಟಿಗೆ ನಡೆಸ್ತಿದ್ರೆ ಹೆಂಗಿರತ್ತೆ ಯೋಚ್ನೆ ಮಾಡಿ. ಆದ್ರೆ ನೋಡ್ತಾ ಕೂತಿರೋ ನಮಗೆ ಎರಡೂ ಕಡೆ ಕಾಣತ್ತೆ. ಕಾಡೊಳಗೆ ಮೂರು ಜನ ಕಾಯ್ತಾ ನಿಂತಿರೋದು ನಮಗೆ ಗೊತ್ತು, ಆ ಕಡೆಯಿಂದ ಒಬ್ಬ ಏನೂ ತಿಳೀದೆ ನಡ್ಕೊಂಡು ಬರ್ತಿರೋದೂ ಗೊತ್ತು, ಸಾವಿರಾರು ಜನ ಬೇಡ ಬೇಡ ಹೋಗ್ಬೇಡ ಅಂತ ಕೂಗ್ತಿದಾರೆ, ಅವನಿಗೆ ಕೇಳ್ಸಲ್ಲ, ಹೊರಗಿನ ಸದ್ದು ಬೀಳದ ಹಾಗೆ ಕಿವಿ ಮುಚ್ಚಿ ಹೆಡ್‌ಸೆಟ್ ಹಾಕಿರ್ತಾರೆ. ನಾನು ಸ್ಟೇಡಿಯಂನಲ್ಲಿ ಕ್ರಿಕೆಟ್ ನೋಡಿದೀನಿ, ಅಲ್ಲಿ ಬಾಲ್ ಬಿದ್ದ ಮೇಲೆ ಕೂಗ್ತೀವಿ. ಇಲ್ಲಿ ಆಗೋಕೆ ಮುಂಚೆನೇ ಎದೆ ಹಿಡ್ಕೊಂಡು ಕೂಗ್ತಾರೆ. ಈ ತರ ಕೂಗು ನಾನು ಬೇರೆ ಎಲ್ಲೂ ಕೇಳಿಲ್ಲ.

ಫೇಕರ್ ಯಾರು ಅಂತ ಅಮ್ಮಂಗೂ ಗೊತ್ತಾಗ್ಲಿ. ನಿಜವಾದ ಹೆಸರು ಲೀ ಸಾಂಗ್-ಹ್ಯೊಕ್, ಕೊರಿಯಾದವನು, ಈಗ 28 ವರ್ಷ, ಈ ಆಟದಲ್ಲಿ ಅಷ್ಟು ವಯಸ್ಸಿಗೆ ತುಂಬಾ ಜನ ನಿವೃತ್ತಿ ಆಗ್ಬಿಟ್ಟಿರ್ತಾರೆ. 2013ರಲ್ಲಿ 16ರ ಹುಡುಗ ಆಗಿದ್ದಾಗ ಬಂದವನು ಅದೇ ವರ್ಷ ವಿಶ್ವ ಚಾಂಪಿಯನ್ ಆದ, ಆಮೇಲೆ 2015, 2016. ಅಲ್ಲಿಂದ ಇವತ್ತಿನವರೆಗೆ ಅದೇ ಒಂದೇ ಟೀಮು, ಆಗ ಎಸ್‌ಕೆ ಟೆಲಿಕಾಂ ಟಿ1, ಈಗ ಬರೀ ಟಿ1. 2017ರಲ್ಲಿ ಬೀಜಿಂಗ್ ಫೈನಲ್‌ನಲ್ಲಿ 3-0 ಸೋತು ಕೀಬೋರ್ಡ್ ಮುಂದೆ ತಲೆ ತಗ್ಗಿಸಿ ಅತ್ತಿದ್ದು ಪುಟ್ಟ ನಂಗೆ ನೂರು ಸಲ ತೋರ್ಸಿದಾನೆ. ಆರು ವರ್ಷ ಕಪ್ ಇಲ್ಲ. 2022ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಐದನೇ ಗೇಮ್‌ವರೆಗೆ ಬಂದು ಡಿಆರ್‌ಎಕ್ಸ್ ಅನ್ನೋ ಟೀಮಿನ ಕೈಲಿ 3-2 ಸೋತರು. 2023ರಲ್ಲಿ ಕೈನೋವು ಅಂತ ಕೆಲವು ವಾರ ಆಡಕ್ಕೇ ಆಗ್ದೆ ಕೂತಿದ್ದವನು ಆ ವರ್ಷದ ಕೊನೇಲಿ ಸೋಲ್‌ನಲ್ಲಿ ತನ್ನ ಜನರ ಮುಂದೆನೇ ಗೆದ್ದ. ಈ ವರ್ಷ ಮತ್ತೆ ಕಷ್ಟ, ಕೊರಿಯಾದಿಂದ ನಾಲ್ಕನೇ ಟೀಮಾಗಿ ಹೆಂಗೋ ಒಳಗೆ ಬಂದ್ರು, ಪ್ಯಾರಿಸ್ ಸೆಮಿಫೈನಲ್‌ನಲ್ಲಿ ಈ ವರ್ಷ ಇವರನ್ನ ಸುಮಾರು ಸಲ ಸೋಲಿಸಿದ್ದ ಇನ್ನೊಂದು ಕೊರಿಯಾ ಟೀಮು ಜೆನ್‌ಜಿನ 3-1 ಹೊಡೆದು ಲಂಡನ್‌ಗೆ ಬಂದ್ರು.

ಎದುರಿಗೆ ಬಿಲಿಬಿಲಿ ಗೇಮಿಂಗ್, ಬಿಎಲ್‌ಜಿ ಅಂತಾರೆ, ಈ ವರ್ಷ ಚೀನಾ ಲೀಗ್‌ನ ಎರಡೂ ಸೀಸನ್ ಗೆದ್ದವರು. ನನ್ನ ಫ್ರೆಂಡ್ ಅವರ ಕಡೆ. ಅವಳಿಗೆ ಅವರ ಬಿನ್ ಅನ್ನೋ ಟಾಪ್ ಲೇನ್, ಅಂದ್ರೆ ಮೇಲಿನ ದಾರೀಲಿ ಆಡೋ ಹುಡುಗ ಅಂದ್ರೆ ಪ್ರಾಣ. ಹಾಲ್ ತುಂಬ ಟಿ1 ಜರ್ಸಿಗಳೇ, ಅದರ ನಡುವೆ ಇವಳು ಒಬ್ಳೇ ಚೀನೀ ಭಾಷೇಲಿ ಹುರಿದುಂಬಿಸ್ತಾ ಜಾಯೋ ಜಾಯೋ ಅಂತ ಕೂಗ್ತಿದ್ಲು, ಒಬ್ಬರೂ ಅವಳನ್ನ ಕೆಟ್ಟದಾಗಿ ನೋಡ್ಲಿಲ್ಲ. ನಮ್ಮ ಹಿಂದೆ ನಲವತ್ತು ದಾಟಿದ ಕೊರಿಯಾದವರೊಬ್ಬರು ಮಗಳ ಜೊತೆ ಬಂದಿದ್ರು, 2013ರಿಂದ ನೋಡ್ತಿದಾರಂತೆ, ಫೇಕರ್ ಫೋಟೋ ಇರೋ ಸಣ್ಣ ಸಣ್ಣ ಕಾರ್ಡ್ ಪ್ರಿಂಟ್ ಹಾಕಿಸ್ಕೊಂಡು ಬಂದು ಅಕ್ಕಪಕ್ಕದವರಿಗೆಲ್ಲ ಹಂಚ್ತಿದ್ರು, ಬಿಎಲ್‌ಜಿ ಕಡೆ ಅಂತ ಗೊತ್ತಿದ್ರೂ ನನ್ನ ಫ್ರೆಂಡ್‌ಗೂ ಎರಡು ಕೊಟ್ರು.

ಶುರುವಲ್ಲಿ ಲಿಂಕಿನ್ ಪಾರ್ಕ್ ಬ್ಯಾಂಡ್‌ನವರು ಬಂದು ಹಾಡಿದ್ರು, ಚೆನ್ನಾಗಿತ್ತು, ಅದು ಇರ್ಲಿ.

ಐದರಲ್ಲಿ ಮೂರು ಗೆದ್ದವರಿಗೆ ಕಪ್. ಮೊದಲನೇದು ಬಿಎಲ್‌ಜಿ, ಎರಡನೇದು ಟಿ1, ಮೂರನೇದು ಮತ್ತೆ ಬಿಎಲ್‌ಜಿ. ಮೂರನೇದು ಮುಗಿದಾಗ ಹಾಲ್ ಹೆಂಗಿತ್ತು ಅಂದ್ರೆ, ಅಷ್ಟು ಸಾವಿರ ಜನ ಒಂದೇ ಸಲ ಮಾತು ಬಿಟ್ಟಂಗಿತ್ತು. ಇನ್ನೊಂದು ಸೋತ್ರೆ ಮುಗೀತು. ಹಿಂದಿನವರ ಮಗಳು ಅಪ್ಪನ ತೋಳು ಹಿಡ್ಕೊಂಡು ಏನೋ ಕೇಳಿದ್ಲು, ಅವರು ಉತ್ತರ ಕೊಡ್ಲಿಲ್ಲ, ಬರೀ ಅವಳ ಕೈ ಮೇಲೆ ಕೈ ಇಟ್ರು. ನನ್ನ ಫ್ರೆಂಡ್ ಖುಷೀಲಿ ಕುಣೀತಿದ್ದವಳು ಅವರ ಮುಖ ನೋಡಿ ಸುಮ್ನೆ ಕೂತ್ಲು.

ನಾಲ್ಕನೇ ಗೇಮ್‌ಗೆ ಫೇಕರ್ ಸೈಲಸ್ ಅನ್ನೋ ಪಾತ್ರ ತಗೊಂಡ. ಅಪ್ಪ, ಈ ಸೈಲಸ್ ಏನ್ ಮಾಡ್ತಾನೆ ಅಂದ್ರೆ ಎದುರಿನವರ ದೊಡ್ಡ ಅಸ್ತ್ರನೇ ಕಿತ್ಕೊಂಡು ಅವರ ಮೇಲೇ ಬಿಡ್ತಾನೆ. ಅಂಥವನನ್ನ ಆಡೋನು ಮುಂದೆ ನುಗ್ಗಲೇಬೇಕು, ಹಿಂದೆ ನಿಂತ್ಕೊಂಡು ಆಡೋ ಪಾತ್ರ ಅಲ್ಲ ಅದು, ತಪ್ಪಾದ್ರೆ ಸಾಯೋನು ಮೊದಲು ಅವನೇ. ಇನ್ನೊಂದು ಸೋತ್ರೆ ಮನೆಗೆ ಅನ್ನೋ ಹೊತ್ತಲ್ಲಿ 28 ವರ್ಷದ ಸೀನಿಯರ್ ಸೇಫಾಗಿ ಆಡ್ತಾನೆ ಅಂತ ನಾನಂದ್ಕೊಂಡಿದ್ದೆ. ಅವನು ನುಗ್ಗಿದ. ಒಂದ್ಸಲ ಅಲ್ಲ, ಮತ್ತೆ ಮತ್ತೆ. ಪಕ್ಕದಿಂದ, ಮಬ್ಬಿನ ಒಳಗಿಂದ. ಅವನು ಬರ್ತಿರೋದು ನಮಗೆ ಕಾಣತ್ತೆ, ಬಿಎಲ್‌ಜಿಯವರಿಗೆ ಕಾಣಲ್ಲ, ಹಾಲಲ್ಲಿ ಒಂದು ಸದ್ದು ಕೆಳಗಿಂದ ಏಳ್ತಾ ಬರತ್ತೆ ಅಪ್ಪ, ಮಳೆ ದೂರದಿಂದ ಬರ್ತಾ ಬರ್ತಾ ನಮ್ಮ ಮನೆ ಹೆಂಚಿನ ಮೇಲೆ ಬೀಳತ್ತಲ್ಲ ಹಂಗೆ, ಅವನು ಹಾರಿ ಬೀಳೋ ಕ್ಷಣಕ್ಕೆ ಸರಿಯಾಗಿ ಅದು ಒಡೆದು ಚೀರಾಟ ಆಗತ್ತೆ. ನನ್ನ ಮುಂದೆ ಇದ್ದ ಇಂಗ್ಲಿಷ್ ಹುಡುಗ ಎರಡೂ ಕೈಲಿ ತಲೆ ಹಿಡ್ಕೊಂಡು ಸೀಟ್ ಮೇಲೇ ನಿಂತ್ಬಿಟ್ಟ. ನಾನೂ ನಿಂತಿದ್ದೆ, ಯಾವಾಗ ಎದ್ದೆ ಅಂತ ನಂಗೇ ಗೊತ್ತಿಲ್ಲ.

2-2. ಐದನೇದು ಅಂದ್ಮೇಲೆ ಟಿ1 ಕಡೆಯವರಿಗೆಲ್ಲ 2022 ನೆನಪಾಗಿರತ್ತೆ, ಯಾರೂ ಬಾಯಿ ಬಿಟ್ಟು ಹೇಳಲ್ಲ ಅಷ್ಟೆ. ಅವನು ಈ ಸಲ ಗೆಲಿಯೋ ತಗೊಂಡ, ಕಲ್ಲಿನ ದೈತ್ಯ. ದೂರದಲ್ಲಿ ತಮ್ಮೋನು ಯಾರಾದ್ರೂ ಕಷ್ಟದಲ್ಲಿದ್ರೆ ಅವನಿರೋ ಜಾಗಕ್ಕೇ ಆಕಾಶದಿಂದ ಬಂದು ಬೀಳ್ತಾನೆ, ಸುತ್ತ ಇರೋ ಎದುರಾಳಿಗಳನ್ನ ತನ್ನ ಕಡೆ ಎಳ್ಕೋತಾನೆ, ಅವರು ಇವನನ್ನ ಹೊಡೀತಾ ಇರೋವಾಗ ಉಳಿದ ನಾಲ್ಕು ಜನ ಕೆಲಸ ಮುಗಿಸ್ತಾರೆ. ಕಬಡ್ಡೀಲಿ ಒಬ್ಬ ರೈಡರ್ ಕಾಲು ಹಿಡ್ಕೊಂಡು ಬಿಡಲ್ಲ, ಅಷ್ಟರಲ್ಲಿ ಉಳಿದವರು ಬಂದು ಮೇಲೆ ಬೀಳ್ತಾರಲ್ಲ, ಹಂಗೆ. ಮೊದಲ ಹತ್ತು ನಿಮಿಷ ಹಾಲಲ್ಲಿ ಯಾರೂ ಸರಿಯಾಗಿ ಉಸಿರೇ ಬಿಡ್ಲಿಲ್ಲ ಅನ್ಸತ್ತೆ. ಆಮೇಲೆ ಒಂದೊಂದು ಜಗಳದಲ್ಲೂ ಮೊದಲು ಒಳಗೆ ಹೋಗ್ತಿದ್ದವನು ಅವನೇ, ಹಿಂದೆನೇ ಅವನ ಟೀಮಿನ ಉಳಿದ ನಾಲ್ವರು, ಜ್ಯೂಸ್ (Zeus), ಓನರ್, ಗುಮಾಯುಸಿ, ಕೇರಿಯಾ, ಒಬ್ಬರೂ ಒಂದು ಕ್ಷಣ ಅನುಮಾನ ಪಡ್ಲಿಲ್ಲ. ಆ ನಾಲ್ವರೂ ಅವನಿಗಿಂತ ವರ್ಷಗಟ್ಲೆ ಚಿಕ್ಕವರು, ಅವನ ಆಟ ನೋಡ್ಕೊಂಡೇ ಬೆಳೆದ ವಯಸ್ಸಿನವರು. ನಂಗೆ ಜಾಸ್ತಿ ಹಿಡಿಸಿದ್ದು ಇದೇ ನೋಡಿ, ಅವನು ಕೈಚಳಕ ತೋರ್ಸಿ ಹತ್ತು ಜನನ್ನ ಹೊಡೆದ್ಹಾಕೋ ಪಾತ್ರ ತಗೊಳ್ಲಿಲ್ಲ, ಏಟು ತಿನ್ನೋ ಪಾತ್ರ ತಗೊಂಡ.

ನೆಕ್ಸಸ್ ಒಡೆಯೋ ಕೊನೆ ಕ್ಷಣದಲ್ಲಿ ಕಾಮೆಂಟರಿ ಕೇಳ್ಸಲೇ ಇಲ್ಲ. ಕಾಲಡಿ ನೆಲ ಅಲ್ಲಾಡ್ತಿತ್ತು, ನಿಜವಾಗ್ಲೂ. ಪರಿಚಯ ಇಲ್ಲದವರೆಲ್ಲ ಒಬ್ಬರನ್ನೊಬ್ಬರು ತಬ್ಕೋತಿದ್ರು, ಆ ಇಂಗ್ಲಿಷ್ ಹುಡುಗ ತಿರುಗಿ ನನ್ನೂ ತಬ್ಕೊಂಡ, ಆಮೇಲೆ ನಾಚ್ಕೊಂಡು ಸಾರಿ ಅಂದ. ನಾನು ಹಿಂದೆ ತಿರುಗಿ ನೋಡಿದ್ರೆ ಆ ಕೊರಿಯಾದವರು ಕೂತೇ ಇದ್ರು, ಕನ್ನಡಕ ತೆಗೆದು ಮಡಿಲಲ್ಲಿ ಇಟ್ಕೊಂಡು ಅಳ್ತಿದ್ರು, ಮಗಳು ಅವರ ಬೆನ್ನು ಸವರ್ತಿದ್ಲು. ನಂಗೂ ತಡ್ಕೊಳ್ಳಕ್ಕಾಗ್ಲಿಲ್ಲ ಅಮ್ಮ. ಅವರು ಹನ್ನೊಂದು ವರ್ಷ ಒಬ್ಬ ಹುಡುಗ ಗೆಲ್ಲೋದು, ಸೋಲೋದು, ಅಳೋದು, ಕೈ ನೋವಲ್ಲಿ ಕೂರೋದು, ಮತ್ತೆ ಏಳೋದು ಎಲ್ಲ ನೋಡ್ಕೊಂಡು ಬಂದಿದಾರೆ. ಅಪ್ಪ, ನೀವು ಕೇಳಿದ್ರಲ್ಲ ನೋಡೋದೇನಿದೆ ಅಂತ, ಅವರ ಮುಖ ನೋಡಿದ್ರೆ ನೀವು ಆ ಪ್ರಶ್ನೆ ಕೇಳ್ತಿರ್ಲಿಲ್ಲ.

ಐದನೇ ಕಪ್ ಅವನಿಗೆ, ಫೈನಲ್ ಎಂವಿಪಿ, ಅಂದ್ರೆ ಫೈನಲ್ಲಿನ ಅತ್ಯುತ್ತಮ ಆಟಗಾರನೂ ಅವನೇ, ಈ ಹಿಂದೆ ಫೈನಲ್ ಎಂವಿಪಿ ಸಿಕ್ಕಿದ್ದು 2016ರಲ್ಲಿ, ಎಂಟು ವರ್ಷ ಆದ್ಮೇಲೆ ಮತ್ತೆ.

ನನ್ನ ಫ್ರೆಂಡ್ ವಿಷಯ ಹೇಳ್ದೆ ಮುಗಿಸಕ್ಕಾಗಲ್ಲ. ಅವಳು ತುಂಬಾ ಹೊತ್ತು ಏನೂ ಮಾತಾಡ್ಲಿಲ್ಲ. 2-1ರಲ್ಲಿ ಮುಂದಿದ್ರಲ್ಲ, ಒಂದೇ ಒಂದು ಗೇಮ್ ಸಾಕಿತ್ತಲ್ಲ ಅಂತ ಆಮೇಲೆ ಮೆಲ್ಲಗೆ ಅಂದ್ಲು. ನಂಗೆ ಏನು ಸಮಾಧಾನ ಹೇಳ್ಬೇಕೋ ತೋಚಲಿಲ್ಲ. ಸ್ಟೇಜ್ ಮೇಲೆ ಬಿಎಲ್‌ಜಿ ಹುಡುಗರು ಇನ್ನೂ ಕುರ್ಚಿ ಬಿಟ್ಟು ಎದ್ದಿರ್ಲಿಲ್ಲ, ಅವರನ್ನ ದೊಡ್ಡ ಸ್ಕ್ರೀನ್ ಮೇಲೆ ತೋರ್ಸಿದಾಗ ಇವಳು ಎದ್ದು ನಿಂತು ಒಬ್ಳೇ ಚಪ್ಪಾಳೆ ಹೊಡೆದ್ಲು, ಹಿಂದಿನ ಆ ಅಪ್ಪ ಮಗಳೂ ಎದ್ದು ಹೊಡೆದ್ರು, ಆಮೇಲೆ ನಮ್ಮ ಸಾಲು ಪೂರ್ತಿ. ಅದು ಟಿವೀಲಿ ಬಂದಿರಲ್ಲ ಪುಟ್ಟ, ಅದಕ್ಕೆ ಹೇಳ್ತಿದೀನಿ.

ನಾರ್ತ್ ಗ್ರೀನಿಚ್ ಸ್ಟೇಷನ್‌ವರೆಗೂ ಕೂಗು ನಿಲ್ಲಲಿಲ್ಲ, ರೈಲೊಳಗೂ ನಾಲ್ಕನೇ ಗೇಮ್ ದೊಡ್ಡದಾ ಐದನೇದು ದೊಡ್ಡದಾ ಅಂತ ಗೊತ್ತಿಲ್ಲದವರ ಜೊತೆ ಎಲ್ಲ ವಾದ. ನನ್ನ ಲೆಕ್ಕದಲ್ಲಿ ನಾಲ್ಕನೇದು.

ಪುಟ್ಟ, ನೀನು ಬೈಸ್ಕೊಂಡು ಬೈಸ್ಕೊಂಡು ರೂಮ್ ಬಾಗಿಲು ಹಾಕ್ಕೊಂಡು ನೋಡ್ತಿದ್ದೆ, ಆಗ ನಾನೂ ಅಪ್ಪನ ಜೊತೆ ಸೇರಿ ಬೈತಿದ್ದೆ, ಅದಕ್ಕೆ ಸಾರಿ ಕಣೋ. ಒಂದು ಕೆಲಸ ಮಾಡು, ಅಪ್ಪನ್ನ ಪಕ್ಕ ಕೂರಿಸ್ಕೊಂಡು ನಾಲ್ಕನೇ ಗೇಮ್ ಹಾಕು, ಬ್ಯಾನ್ ಮಾಡೋದ್ರಿಂದ ಶುರು ಮಾಡು, ಓಡ್ಸಬೇಡ. ಅಪ್ಪ, ಅರ್ಧ ಗಂಟೆ ಅಷ್ಟೆ, ಮೇಲಿನ ಹೆಸರು ನಂಬರ್ ಎಲ್ಲ ಬಿಡಿ, ಸೈಲಸ್ ಮಬ್ಬಲ್ಲಿ ಎಲ್ಲಿದಾನೆ ಅಂತ ಅದೊಂದೇ ನೋಡ್ತಾ ಇರಿ. ಅಮ್ಮ, ನೀನೂ ಕೂತ್ಕೋ.

ಆ ಕೊರಿಯಾದವರು ಕೊಟ್ಟ ಕಾರ್ಡು ಈ ಕಾಗದದ ಜೊತೆ ಇಟ್ಟಿದೀನಿ, ಪುಟ್ಟನಿಗೆ. ನನ್ನ ತಮ್ಮ ಇವನ ದೊಡ್ಡ ಫ್ಯಾನ್ ಅಂತ ಹೇಳಿದ್ದಕ್ಕೆ ಅವರು ಹಿಂದಗಡೆ ಕೊರಿಯನ್‌ನಲ್ಲಿ ಏನೋ ಬರೆದು ಕೊಟ್ಟಿದಾರೆ, ಏನು ಅಂತ ನಾನು ಕೇಳಿಲ್ಲ, ನೀನೇ ಓದಿಸ್ಕೊಂಡು ನಂಗೆ ಹೇಳು.

ಬುಧವಾರ ರಾತ್ರಿ ಖಂಡಿತ ಫೋನ್ ಮಾಡ್ತೀನಿ.

ನಿಮ್ಮ ಮಗಳು,
ಪುಟ್ಟನ ಅಕ್ಕ