ಬೆಳಕಿನ ಕೊಳವೆಯೊಳಗಿನ ಮಸಿ

ಕ್ಯಾನ್‌ಬೆರಾ

ತೀರ್ಥರೂಪರಾದ ಅಪ್ಪನವರಿಗೆ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ತೂಕವೇ ಇಲ್ಲದ ಬೆಳಕು ಕಣವನ್ನು ಹಿಡಿಯುವುದು ಹೇಗೆಂದು ಕಳೆದ ವಾರ ನೀವು ಫೋನಿನಲ್ಲಿ ಕೇಳಿದಿರಿ. ಅವಸರದಲ್ಲಿ ನಾನು ಹೇಳಿದ್ದು ಅರ್ಧ ಮಾತ್ರ ಸರಿ. ಅದನ್ನು ತಿದ್ದಲೆಂದೇ ಈ ಪತ್ರ.

ಬೆಳಕು ತಾನು ಬಿದ್ದ ವಸ್ತುವನ್ನು ತಳ್ಳುತ್ತದೆ ಎಂದಿದ್ದೆ. ಅದು ಸುಳ್ಳಲ್ಲ. 1971ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಆರ್ಥರ್ ಆಶ್ಕಿನ್ ಮತ್ತು ಅವರ ಸಂಗಡಿಗರು, ಕೆಳಗಿನಿಂದ ಮೇಲಕ್ಕೆ ಹಾಯಿಸಿದ ಲೇಸರ್ ಕಿರಣದ ಮೇಲೆ ಸುಮಾರು 20 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಗಾತ್ರದ ಗಾಜಿನ ಗೋಲಿಯನ್ನು ಗಾಳಿಯಲ್ಲಿ ತೇಲಿಸಿ ನಿಲ್ಲಿಸಿದರು. (ಆಶ್ಕಿನ್ ಅವರಿಗೆ ನೊಬೆಲ್ ಬಂದದ್ದು 2018ರಲ್ಲಿ, 96ನೆಯ ವಯಸ್ಸಿನಲ್ಲಿ; ನನ್ನ ಪಿಎಚ್‌ಡಿ ತಡವಾಯಿತೆನ್ನುವ ನೆಂಟರಿಗೆ ದಯವಿಟ್ಟು ತಿಳಿಸಿ.) ಆದರೆ ಈ ತಳ್ಳುವಿಕೆ ತೀರ ಬಡಕಲು: ಒಂದು ವಾಟ್ ಬೆಳಕನ್ನು ಪೂರ್ತಿ ಹೀರಿಕೊಂಡ ವಸ್ತುವಿನ ಮೇಲೂ ಅದರ ಬಲ ಒಂದು ಗ್ರಾಂ ತೂಕದ 30 ಲಕ್ಷದಲ್ಲೊಂದು ಪಾಲಿನಷ್ಟೇ.

ಗಾಜು ಬೆಳಕನ್ನು ಹಾಯಗೊಡುತ್ತದೆ, ಮಸಿ ಹೀರಿಕೊಂಡು ಬಿಸಿಯಾಗುತ್ತದೆ. ಅಮ್ಮ ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಹಿಡಿಯುತ್ತಿದ್ದ ಕಾಡಿಗೆಯಂಥ ಕಣವೊಂದರ ಒಂದೇ ಮಗ್ಗುಲು ಬಿಸಿಯಾಯಿತೆನ್ನಿ. ಆ ಮಗ್ಗುಲಿಗೆ ತಾಗಿದ ಗಾಳಿಯ ಅಣುಗಳು ಶಾಖ ಪಡೆದು, ತಣ್ಣನೆಯ ಮಗ್ಗುಲಿನ ಅಣುಗಳಿಗಿಂತ ರಭಸದಿಂದ ಚಿಮ್ಮುತ್ತವೆ, ಚಿಮ್ಮುವಾಗ ಕಣವನ್ನು ಒದೆಯುತ್ತವೆ. ಈ ಒದೆತ ಬೆಳಕಿನ ಸ್ವಂತ ಬಲದ ಸಾವಿರಾರು ಪಟ್ಟು ಇರಬಲ್ಲದು. ಎಂದಮೇಲೆ ಮಸಿಯನ್ನು ಹಿಡಿಯುವುದು ಗಾಳಿಯೇ, ಒದೆಯಬೇಕಾದ ಮಗ್ಗುಲನ್ನು ಬೆಳಕು ತೋರಿಸುತ್ತದೆ. ಗಾಳಿಯನ್ನು ಪೂರ್ತಿ ತೆಗೆದರೆ ಈ ಹಿಡಿತವೂ ಹೋಗುತ್ತದೆ.

ಬೆಳಕಿನಿಂದ ದೂರ ಸರಿಯುವ ಕಣ ಕಿರಣದೊಳಗೆ ನಿಲ್ಲುವುದಾದರೂ ಹೇಗೆ? ಈ ಊರಿನ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಸಂಶೋಧಕರು ಅದಕ್ಕೆ ನಡುವೆ ಕತ್ತಲೆಯಿರುವ, ಕೊಳವೆಯಂಥ ಕಿರಣವನ್ನು ಬಳಸಿದರು. ಕಣವು ಯಾವ ಗೋಡೆಯತ್ತ ವಾಲಿದರೂ ಆ ಕಡೆಯೇ ಬಿಸಿಯಾಗಿ, ಒದೆ ತಿಂದು, ನಡುವಿನ ಕತ್ತಲೆಗೆ ಮರಳುತ್ತದೆ. 2010ರಲ್ಲಿ ಸುಮಾರು 100 ಮೈಕ್ರಾನ್ ಗಾತ್ರದ ವಸ್ತುಗಳನ್ನು ಹೀಗೆ ಮೀಟರಿನಷ್ಟು ದೂರ ಸಾಗಿಸಿದರು. 2014ರಲ್ಲಿ ಚಿನ್ನದ ಲೇಪವಿದ್ದ ಟೊಳ್ಳು ಗಾಜಿನ ಗೋಲಿಗಳ ಹಿಂಬದಿಯನ್ನು ಬಿಸಿಮಾಡಿ, ಬೆಳಕು ಹೊರಡುವ ಮೂಲದ ಕಡೆಗೇ 20 ಸೆಂ.ಮೀ. ವರೆಗೆ ಎಳೆದುಕೊಂಡರು. ನನಗೆ ಇದಕ್ಕಿಂತ ಚೆಂದದ ಪ್ರಯೋಗ ಗೊತ್ತಿಲ್ಲ.

ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಯೇ ಕೆಲಸ ಮಾಡುತ್ತೇನೆಂದು ಅಮ್ಮನಿಗೆ ಹೇಳಿ. ನಿನ್ನೆ ಬೆಳಗಿನಿಂದ ಕದಲದೆ ನಿಂತಿದ್ದ ಮಸಿಯ ಕಣವೊಂದು, ಮೇಜಿನ ಮುಚ್ಚಳ ತೆರೆದಾಗ ಬಂದ ನನ್ನ ಒಂದು ಕೆಮ್ಮಿಗೆ ಹಾರಿಹೋಯಿತು.

ಇಂತಿ ನಿಮ್ಮ ಆಶೀರ್ವಾದ ಬೇಡುವ
ಮಗಳು