ಚೀಟಿ ಓದಿಸಬೇಡಿ, ಕೇಳಲು ಬಿಡಿ

ಮಾನ್ಯ ಸಂಪಾದಕರೇ,

ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಊರಿನ, ಶಾಲೆಯ ಕುಂದುಕೊರತೆಯನ್ನು ಮಕ್ಕಳೇ ಎದ್ದು ಕೇಳಲಿ ಎಂದು ಮಾಡಿದ ಒಳ್ಳೆಯ ವ್ಯವಸ್ಥೆ. ಆದರೆ ನಮ್ಮೂರಿನ ಕಳೆದ ಸಭೆಯಲ್ಲಿ ಜಾಸ್ತಿ ಮಕ್ಕಳು ದೊಡ್ಡವರು ಬರೆದುಕೊಟ್ಟ ಚೀಟಿಯನ್ನೇ ಓದಿದರು. ಏಳನೇ ತರಗತಿಯ ಒಬ್ಬ ಹುಡುಗಿ ಮಾತ್ರ ಚೀಟಿ ಮಡಚಿಟ್ಟು, 'ಶೌಚಾಲಯಕ್ಕೆ ಚಿಲಕ ಬೇಕು ಅಂತ ಹೋದ ವರ್ಷವೇ ಕೇಳಿದ್ವಲ್ಲ, ಇನ್ನೂ ಯಾಕೆ ಹಾಕ್ಸಿಲ್ಲ?' ಎಂದಳು. ಅಲ್ಲಿದ್ದ ದೊಡ್ಡವರು 'ಕೂತ್ಕೊಳಮ್ಮ, ಆಮೇಲೆ ನೋಡೋಣ' ಎಂದುಬಿಟ್ಟರು. ಎಷ್ಟು ಸರಿಯಾದ ಪ್ರಶ್ನೆ, ಅಲ್ವಾ? ನನಗೆ ತುಂಬಾ ಸಂಕಟವಾಯಿತು. ಮನೆಯಲ್ಲಿ ನಾವೂ 'ಸುಮ್ನಿರು' ಅಂತ ಎಷ್ಟು ಸಲ ಬಾಯಿ ಮುಚ್ಚಿಸುತ್ತೇವೆ! ಪ್ರಶ್ನಿಸುವ ಗುಣ ಬೆಳೆಸಿಕೊಳ್ಳುವುದು ನಮ್ಮ ಕರ್ತವ್ಯ ಎಂದು ಸಂವಿಧಾನದ 51ಎ ವಿಧಿಯೇ ಹೇಳುತ್ತದೆ.

ಮುಂದಿನ ಸಭೆಗೆ ಮಕ್ಕಳಷ್ಟೇ ಕೂತು ಪ್ರಶ್ನೆ ಬರೆಯಲಿ. ಪಂಚಾಯಿತಿಯವರು ಉತ್ತರ ಬರೆದು ಶಾಲೆಯ ಗೋಡೆಗೆ ಅಂಟಿಸಲಿ.

— ಒಬ್ಬ ತಾಯಿ, ತುಮಕೂರು ಜಿಲ್ಲೆ